ಮೂರನೆಯ ಭಾಷೆಯ ಖಾಲಿ ಅಂಕಣ

(ಬದಲಾಪುರದ ಕನ್ನಡಿಗರು ಏರ್ಪಡಿಸಿದ್ದ ವಿದ್ಯಾರ್ಥಿ ಗೌರವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಗಳಿಸಿದ ನಮ್ಮ ಮಕ್ಕಳಿಗೆ ಈಗಷ್ಟೇ ಶಾಲು ಹೊದಿಸಿ, ಪುಸ್ತಕ ಕೊಟ್ಟು, ಪ್ರಶಸ್ತಿಪತ್ರ ನೀಡಿದ್ದೇವೆ. ಆ ಸಂತೋಷದಲ್ಲಿ ನಾನೂ ಪಾಲುದಾರ. ಆದರೆ ವೇದಿಕೆಯಿಂದ ಇಳಿದುಹೋದ ಒಬ್ಬ ಹುಡುಗಿ ತನ್ನ ಕುರ್ಚಿಗೆ ಮರಳಿದ ಕೂಡಲೇ ಆ ಪ್ರಶಸ್ತಿಪತ್ರವನ್ನು ತಾಯಿಯ ಕೈಗೆ ಕೊಟ್ಟು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದ್ದನ್ನು ನಾನು ಇಲ್ಲಿಂದಲೇ ಕಂಡೆ. ತಾಯಿ ಓದಿ ಹೇಳಿದರು. ಹುಡುಗಿ ನಕ್ಕಳು. ಆಕೆಯನ್ನು ಹೊಗಳಿ ನಾವು ಬರೆದ ನಾಲ್ಕು ಸಾಲುಗಳನ್ನು ಆಕೆಯೇ ಓದಲಾರಳು. ಇದು ಆಕೆಯ ತಪ್ಪಲ್ಲ. ಹೆಸರು ಕರೆಯುವಾಗ ಕಾರ್ಯದರ್ಶಿಗಳು ವಿಷಯವಾರು ಅಂಕಗಳನ್ನೂ ಓದಿದರು. ಗಣಿತ, ವಿಜ್ಞಾನ, ಸಂಸ್ಕೃತ, ಹಿಂದಿ, ಮರಾಠಿ, ಮಾಹಿತಿ ತಂತ್ರಜ್ಞಾನ ಎಲ್ಲವೂ ಕೇಳಿಬಂದವು. ಕನ್ನಡ ಎಂಬ ವಿಷಯದ ಹೆಸರು ಒಮ್ಮೆಯೂ ಕೇಳಿಬರಲಿಲ್ಲ. ಕನ್ನಡಿಗರ ಸಭೆಯಲ್ಲಿ, ಕನ್ನಡಿಗರ ಮಕ್ಕಳ ಗೌರವದಲ್ಲಿ, ಕನ್ನಡದಲ್ಲಿ ಪಡೆದ ಒಂದು ಅಂಕವೂ ಇರಲಿಲ್ಲ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಈ ವಿಷಯವನ್ನೇ. ಪ್ರೌಢಶಾಲೆಯಲ್ಲಿ ನಮ್ಮ ಮಕ್ಕಳು ಏನನ್ನು ಕಡ್ಡಾಯವಾಗಿ ಓದಬೇಕು, ಏನನ್ನು ಆಯ್ದುಕೊಳ್ಳಬಹುದು, ಆಯ್ದುಕೊಳ್ಳಬಹುದಾದ ಆ ಕಿರಿದಾದ ಜಾಗದಲ್ಲಿ ನಾವು ಈವರೆಗೆ ಏನು ಮಾಡಿದ್ದೇವೆ ಎಂಬ ವಿಚಾರ. ನವೆಂಬರ್ ತಿಂಗಳಿನಲ್ಲಿ ಧ್ವಜದ ಕೆಳಗೆ ನಿಂತು ಹೇಳುವ ಮಾತಿಗಿಂತ ಇದು ಒಣ ಮಾತು. ಅರ್ಜಿ, ಅಂಕಣ, ಸಂಖ್ಯೆ ಇವುಗಳ ಮಾತು. ಆದರೆ ಹೊರನಾಡಿನಲ್ಲಿ ಕನ್ನಡದ ಅಳಿವು ಉಳಿವು ನಿರ್ಧಾರವಾಗುತ್ತಿರುವುದು ಜೂನ್ ತಿಂಗಳಿನ ಅರ್ಜಿಯಲ್ಲಿ, ನವೆಂಬರ್ ತಿಂಗಳಿನ ಭಾಷಣದಲ್ಲಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಗೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಆಯ್ಕೆ ಇರುವುದು ಭಾಷೆಗಳಲ್ಲಿ ಮಾತ್ರ. ಅಲ್ಲಿಯೂ ಮೂರು ಸ್ಥಾನಗಳು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರಾದ್ದರಿಂದ ಮೊದಲ ಸ್ಥಾನ ಇಂಗ್ಲಿಷಿಗೆ ಹೋಗಿದೆ. ಎರಡನೆಯದು ಮರಾಠಿಗೆ. ಉಳಿಯುವುದು ಮೂರನೆಯದೊಂದೇ.

ಮರಾಠಿಯ ವಿಷಯದಲ್ಲಿ ನಮ್ಮಲ್ಲಿ ಕೆಲವರು ಗೊಣಗುವುದನ್ನು ಕೇಳಿದ್ದೇನೆ. ಆ ಗೊಣಗಾಟವನ್ನು ನಾನು ಒಪ್ಪುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಶಾಲೆಗಳಲ್ಲಿಯೂ ಮರಾಠಿ ಕಲಿಸಬೇಕೆಂಬ ಸರಕಾರದ ನೀತಿಯನ್ನು ಪ್ರಶ್ನಿಸಿ ಗುಜರಾತಿ ಭಾಷಿಕರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಉಷಾ ಮೆಹತಾ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಲಯವು ೨೦೦೪ರಲ್ಲಿ ಆ ನೀತಿಯನ್ನು ಎತ್ತಿಹಿಡಿಯಿತು. ೨೦೨೦ರಲ್ಲಿ ವಿಧಾನಮಂಡಲವು ಎಲ್ಲ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆಯನ್ನೇ ಮಾಡಿತು. ಒಂದನೆಯ ಮತ್ತು ಆರನೆಯ ತರಗತಿಗಳಿಂದ ಆರಂಭಿಸಿ ಹಂತಹಂತವಾಗಿ ಅದನ್ನು ಜಾರಿಗೆ ತರಲಾಯಿತು. ಇದರಲ್ಲಿ ಅನ್ಯಾಯವೇನಿದೆ? ೧೯೮೧ರಲ್ಲಿ ಬಂದ ಗೋಕಾಕ್ ವರದಿಯ ಪರವಾಗಿ ಕರ್ನಾಟಕದಲ್ಲಿ ಚಳವಳಿ ನಡೆದಾಗ ಮುಂಬಯಿಯಲ್ಲಿದ್ದುಕೊಂಡೇ ನಾವು ಹೆಮ್ಮೆಪಟ್ಟವರು. ೨೦೧೫ರಲ್ಲಿ ಕರ್ನಾಟಕ ಸರಕಾರವು ಕನ್ನಡ ಭಾಷಾ ಕಲಿಕೆ ಕಾಯಿದೆ ತಂದು, ರಾಜ್ಯದ ಎಲ್ಲ ಶಾಲೆಗಳ ಮಕ್ಕಳೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಓದಬೇಕೆಂದಾಗ ಚಪ್ಪಾಳೆ ತಟ್ಟಿದವರು. ತಮಿಳುನಾಡು ೨೦೦೬ರಲ್ಲಿ, ಕೇರಳ ೨೦೧೭ರಲ್ಲಿ, ತೆಲಂಗಾಣ ೨೦೧೮ರಲ್ಲಿ ಇಂಥದೇ ಕಾಯಿದೆಗಳನ್ನು ಮಾಡಿವೆ. ಬೆಂಗಳೂರಿನಲ್ಲಿ ನ್ಯಾಯವಾದದ್ದು ಬದಲಾಪುರದಲ್ಲಿ ಅನ್ಯಾಯವಾಗದು. ನಾವು ಉಣ್ಣುವ ಅನ್ನ ಈ ನೆಲದ್ದು. ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಬೇಕು. ಬಾಯಿಪಾಠದ ಮರಾಠಿಯನ್ನಲ್ಲ, ಪತ್ರಿಕೆ ಓದುವ, ನಾಟಕ ನೋಡುವ ಮರಾಠಿಯನ್ನು ಕಲಿಯಬೇಕು. ಆಗ ಮಾತ್ರ ನಮ್ಮ ಮುಂದಿನ ಮಾತಿಗೆ ನೈತಿಕ ಬಲ ಬಂದೀತು.

ಮುಂದಿನ ಮಾತು ಮೂರನೆಯ ಸ್ಥಾನದ್ದು. ತ್ರಿಭಾಷಾ ಸೂತ್ರವನ್ನು ೧೯೬೮ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಗೀಕರಿಸಿತು. ಹಿಂದಿಯೇತರ ರಾಜ್ಯಗಳಲ್ಲಿ ಪ್ರಾದೇಶಿಕ ಭಾಷೆ, ಹಿಂದಿ, ಇಂಗ್ಲಿಷ್ ಎಂಬುದು ಅದರ ಲೆಕ್ಕಾಚಾರ. ಒಂದು ರಾಜ್ಯದಲ್ಲಿ ಒಂದೇ ಮಾತೃಭಾಷೆ ಎಂದು ಊಹಿಸಿಕೊಂಡು ಮಾಡಿದ ಲೆಕ್ಕ ಅದು. ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದು ರಾಜ್ಯದಲ್ಲಿ ಬಾಳುವವನ ಮಗುವಿನ ಭಾಷೆ ಆ ಮೂರರೊಳಗೆ ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಸಲೀಸಾದ ಉತ್ತರವಿರಲಿಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಾತು ಸ್ವಲ್ಪ ಬದಲಾಯಿತು. ಮೂರರಲ್ಲಿ ಕನಿಷ್ಠ ಎರಡು ಭಾರತೀಯ ಭಾಷೆಗಳಾಗಿರಬೇಕು, ಯಾವ ಭಾಷೆಯನ್ನೂ ಯಾವ ರಾಜ್ಯದ ಮೇಲೂ ಹೇರಬಾರದು, ಆಯ್ಕೆ ರಾಜ್ಯಗಳದ್ದು, ಪ್ರದೇಶಗಳದ್ದು, ವಿದ್ಯಾರ್ಥಿಗಳದ್ದು, ಆರನೆಯ ಅಥವಾ ಏಳನೆಯ ತರಗತಿಯಲ್ಲಿ ಭಾಷೆಯನ್ನು ಬದಲಾಯಿಸಿಕೊಳ್ಳಲೂಬಹುದು ಎಂಬ ಮಾತುಗಳು ಅಲ್ಲಿವೆ. ಮರಾಠಿ, ಇಂಗ್ಲಿಷ್, ಕನ್ನಡ ಎಂಬ ಮೂರು ಭಾಷೆಗಳನ್ನು ಓದುವ ಮಗು ಆ ನೀತಿಗೆ ಎಳ್ಳಷ್ಟೂ ವಿರುದ್ಧ ಹೋಗುವುದಿಲ್ಲ.

ಹಾಗಾದರೆ ಕನ್ನಡವನ್ನು ಪಟ್ಟಿಯಿಂದ ತೆಗೆದಿದ್ದಾರೆಯೇ? ಇಲ್ಲ. ಮಹಾರಾಷ್ಟ್ರ ಮಂಡಳಿಯ ಭಾಷಾವಿಷಯಗಳ ಪಟ್ಟಿಯಲ್ಲಿ ಕನ್ನಡವಿದೆ. ಹನ್ನೆರಡನೆಯ ತರಗತಿಯ ಪಟ್ಟಿಯಲ್ಲಿಯೂ ಇದೆ. ಕೇಂದ್ರೀಯ ಮಂಡಳಿಯ ಹತ್ತನೆಯ ತರಗತಿಯ ಭಾಷೆಗಳಲ್ಲಿ ಕನ್ನಡಕ್ಕೆ ಸ್ಥಾನವಿದೆ. ೧೯೬೭ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ, ನಾವೆಲ್ಲ ಬಾಲಭಾರತಿ ಎಂದು ಕರೆಯುವ ಪಠ್ಯಪುಸ್ತಕ ಮಂಡಳಿಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಸಿಂಧಿ, ತೆಲುಗು, ಇಂಗ್ಲಿಷುಗಳ ಜತೆಗೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚುಮಾಡುತ್ತ ಬಂದಿದೆ. ಇನ್ನೊಂದು ತುದಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಅಲ್ಲಿ ಎಂ.ಎ. ಓದಬಹುದು, ಸಂಶೋಧನೆ ಮಾಡಬಹುದು. ಮೇಲೆ ಅಟ್ಟವಿದೆ, ಕೆಳಗೆ ಅಂಗಳವಿದೆ. ನಡುವಿನ ಏಣಿಯ ಮೆಟ್ಟಿಲುಗಳು ಮಾತ್ರ ಕಳಚಿಬಿದ್ದಿವೆ. ಆ ಮೆಟ್ಟಿಲುಗಳೇ ಪ್ರೌಢಶಾಲೆಯ ಕನ್ನಡ ತರಗತಿಗಳು.

ಅವು ಹೇಗೆ ಕಳಚಿದವು ಎಂಬುದಕ್ಕೆ ನನ್ನ ಮನೆಯನ್ನೇ ಸಾಕ್ಷಿಯಾಗಿ ಮುಂದಿಡುತ್ತೇನೆ. ನನ್ನ ಮಗಳು ಎಂಟನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಶಾಲೆಯಿಂದ ಒಂದು ಕಾಗದ ಬಂತು. ಮೂರನೆಯ ಭಾಷೆ ಎಂಬುದರ ಮುಂದೆ ಒಂದು ಖಾಲಿ ಅಂಕಣ. ಪೂರ್ಣ ಹಿಂದಿ, ಸಂಯುಕ್ತ ಹಿಂದಿ-ಸಂಸ್ಕೃತ, ಪೂರ್ಣ ಸಂಸ್ಕೃತ, ಇವು ಆ ಶಾಲೆಯಲ್ಲಿ ರೂಢಿಯಲ್ಲಿದ್ದವು. ಸಂಸ್ಕೃತದಲ್ಲಿ ನೂರಕ್ಕೆ ನೂರು ಬರುತ್ತದೆ ಎಂದು ನೆರೆಯವರು ಹೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ ಸಂಸ್ಕೃತವೆಂದು ಬರೆದು ಸಹಿ ಹಾಕಿದೆ. ಆ ವರ್ಷದ ನವೆಂಬರಿನಲ್ಲಿ ಇಂಥದೇ ವೇದಿಕೆಯ ಮೇಲೆ ನಿಂತು ಕನ್ನಡದ ಭವಿಷ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದೆ! ಕನ್ನಡ ಸಿಗುತ್ತದೆಯೇ ಎಂದು ಮುಖ್ಯಾಧ್ಯಾಪಕರನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಇಲ್ಲವೆನ್ನುತ್ತಿದ್ದರೋ ಏನೋ. ಆದರೆ ಅವರು ಇಲ್ಲವೆನ್ನಲಿಲ್ಲ, ನಾನು ಕೇಳಲಿಲ್ಲ, ಇದು ನಿಜ. ಮಗಳ ಅಭಿಪ್ರಾಯವನ್ನೂ ಕೇಳಲಿಲ್ಲ ಎಂಬುದು ಇನ್ನೊಂದು ನಿಜ. ಮಗಳಿಗೆ ಸಂಸ್ಕೃತದಲ್ಲಿ ತೊಂಬತ್ತಾರು ಬಂತು. ಹನ್ನೊಂದನೆಯ ತರಗತಿಯಲ್ಲಿ ಎರಡನೆಯ ಭಾಷೆಯ ಬದಲಿಗೆ ಮಾಹಿತಿ ತಂತ್ರಜ್ಞಾನ ತೆಗೆದುಕೊಳ್ಳಬಹುದಾಗಿದ್ದರಿಂದ ಆ ಸಂಸ್ಕೃತವೂ ಅಲ್ಲಿಗೇ ಮುಗಿಯಿತು.

ನಮ್ಮ ಮನೆಮಾತು ತುಳು. ಮಗಳು ಮುಂಬಯಿಯಲ್ಲಿ ಹುಟ್ಟಿ ಬೆಳೆದರೂ ತುಳುವನ್ನು ನಿರರ್ಗಳವಾಗಿ ಆಡುತ್ತಾಳೆ. ನನ್ನ ತಾಯಿ ತೀರಿಕೊಂಡ ಮೇಲೆ ಊರಿನ ಮನೆಯ ಪೆಟ್ಟಿಗೆಯಲ್ಲಿ ಒಂದು ನೋಟುಪುಸ್ತಕ ಸಿಕ್ಕಿತು. ಐದನೆಯ ಈಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದ ನನ್ನ ತಾಯಿ ತನಗೆ ಬರುತ್ತಿದ್ದ ಪಾಡ್ದನಗಳನ್ನೂ ನಾಟಿಗದ್ದೆಯ ಕಬಿತಗಳನ್ನೂ ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಭಾಷೆ ತುಳು, ಲಿಪಿ ಕನ್ನಡ. ಮಗಳು ಆ ಪುಸ್ತಕವನ್ನು ತನಗೇ ಬೇಕೆಂದು ಎತ್ತಿಟ್ಟುಕೊಂಡಳು. ಈಗ ಪುಣೆಯಿಂದ ಆಗಾಗ ಒಂದೊಂದು ಪುಟದ ಚಿತ್ರ ತೆಗೆದು ನನಗೆ ಕಳಿಸುತ್ತಾಳೆ. ನಾನು ದೂರವಾಣಿಯಲ್ಲಿ ಓದಿ ಹೇಳುತ್ತೇನೆ. ಕೇಳಿದರೆ ಒಂದೊಂದು ಮಾತೂ ಅವಳಿಗೆ ಅರ್ಥವಾಗುತ್ತದೆ. ಕಣ್ಣಿನ ಮುಂದೆ ಇಟ್ಟರೆ ಒಂದಕ್ಷರವೂ ತಿಳಿಯದು. ಅಪ್ಪ, ನೀವು ಇರುವವರೆಗೆ ಈ ಪುಸ್ತಕ ಪುಸ್ತಕ, ಆಮೇಲೆ ಬರೀ ಕಾಗದ ಎಂದು ಒಮ್ಮೆ ಅಂದಳು. ಆಕ್ಷೇಪಿಸಿ ಆಡಿದ ಮಾತಲ್ಲ ಅದು. ಆದರೆ ಆ ಖಾಲಿ ಅಂಕಣವನ್ನು ತುಂಬಿದ ಕೈ ನನ್ನದೆಂಬುದು ನನಗೆ ನೆನಪಿದೆ.

ಬಂಧುಗಳೇ, ಇದನ್ನು ಮನೆಯ ಸಂಕಟವೆಂದು ಹೇಳಿಕೊಳ್ಳುತ್ತಿಲ್ಲ. ಇದರಲ್ಲಿ ಒಂದು ಸಾಮಾನ್ಯ ಸತ್ಯವಿದೆ. ಮನೆಯಲ್ಲಿ ಮಾತನಾಡಿದರೆ ಕನ್ನಡ ಉಳಿಯುತ್ತದೆ ಎಂದು ನಾವು ಹೇಳುತ್ತ ಬಂದಿದ್ದೇವೆ. ಆ ಮಾತು ಅರ್ಧ ಸತ್ಯ. ಮಾತು ಮನೆಯಲ್ಲಿ ಬರುತ್ತದೆ. ಅಕ್ಷರ ಶಾಲೆಯಲ್ಲಿ ಬರುತ್ತದೆ. ಅದರಲ್ಲಿಯೂ ಮುಂಬಯಿ ಮತ್ತು ಠಾಣೆಯ ಕನ್ನಡಿಗರೆಂದು ನಾವು ಕರೆದುಕೊಳ್ಳುವವರಲ್ಲಿ ಬಹು ದೊಡ್ಡ ಪಾಲು ಕರಾವಳಿಯವರು. ಅವರ ಮನೆಗಳಲ್ಲಿ ಆಡುವುದು ತುಳು, ಕೊಂಕಣಿ, ಬ್ಯಾರಿ. ೨೦೧೧ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು ೧೦ ಲಕ್ಷ. ಈ ಲೆಕ್ಕದಲ್ಲಿ ತುಳುವರು ಸೇರಿಲ್ಲ, ಅವರ ಲೆಕ್ಕವೇ ಬೇರೆ. ಈ ಜನರಿಗೆ ಕನ್ನಡ ಬಂದದ್ದು ತೊಟ್ಟಿಲಿನಲ್ಲಲ್ಲ, ಶಾಲೆಯ ಹಲಗೆಯ ಮೇಲೆ. ೧೮೮೬ರಲ್ಲಿ ಮ್ಯಾನರ್ ಅವರ ತುಳು ನಿಘಂಟು ಬಂದಾಗಲೂ ತುಳು ಪದಗಳು ಅಚ್ಚಾದದ್ದು ಕನ್ನಡ ಲಿಪಿಯಲ್ಲಿಯೇ. ಎಂದರೆ ಕನ್ನಡದ ಅಕ್ಷರ ಹೋದರೆ ಕನ್ನಡವೊಂದೇ ಹೋಗುವುದಿಲ್ಲ. ತನ್ನ ಬರಹವನ್ನು ಆ ಅಕ್ಷರಗಳಲ್ಲಿ ಕಾಪಿಟ್ಟ ತುಳುವೂ ಮಗುವಿನ ಕೈಗೆ ಎಟುಕದಾಗುತ್ತದೆ. ಶಾಲೆ ಕೊಡದಿದ್ದರೆ ಮನೆ ಕೊಟ್ಟೀತು ಎಂಬ ಆಸೆ ಈ ಮನೆಗಳ ಮಟ್ಟಿಗೆ ಹುಸಿ.

ಹಿಂದಿನವರಿಗೆ ಇದು ತಿಳಿದಿತ್ತು. ಕರಾವಳಿಯಿಂದ ಬಂದ ಹುಡುಗರು ಹಗಲು ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಕಲಿತರು. ಆ ಶಾಲೆಗಳಿಂದ ವಕೀಲರು, ಬ್ಯಾಂಕಿನ ಅಧಿಕಾರಿಗಳು, ಲೇಖಕರು ಹೊರಬಂದರು. ವಡಾಲದ ನ್ಯಾಶನಲ್ ಕನ್ನಡ ಎಜ್ಯುಕೇಶನ್ ಸೊಸೈಟಿ, ಚೆಂಬೂರು ಕರ್ನಾಟಕ ಸಂಘದ ವಿದ್ಯಾಸಾಗರ, ನಮಗೆ ಹತ್ತಿರದ ಡೊಂಬಿವಲಿಯ ಮಂಜುನಾಥ ವಿದ್ಯಾಲಯ, ಇವೆಲ್ಲ ಕನ್ನಡಿಗರು ಕೈಯಾರೆ ಕಟ್ಟಿದ ವಿದ್ಯಾಸಂಸ್ಥೆಗಳು. ಆದರೆ ಮುಂಬಯಿಯಲ್ಲಿ ಮನೆಯ ಬೆಲೆ ಏರಿದಂತೆ ನಮ್ಮ ಸಂಸಾರಗಳು ಮಾಟುಂಗದಿಂದ ಘಾಟ್ಕೋಪರಕ್ಕೆ, ಅಲ್ಲಿಂದ ಡೊಂಬಿವಲಿಗೆ, ಡೊಂಬಿವಲಿಯಿಂದ ಅಂಬರನಾಥ, ಬದಲಾಪುರಗಳಿಗೆ ಒಂದೊಂದೇ ಸ್ಟೇಶನ್ನು ಹಿಂದೆ ಸರಿದು ಬಂದವು. ೨೦೧೧ರ ಜನಗಣತಿಯ ಹೊತ್ತಿಗೆ ಈ ಕುಳಗಾಂವ್-ಬದಲಾಪುರದ ಜನಸಂಖ್ಯೆ ಸುಮಾರು ೧.೭೪ ಲಕ್ಷಕ್ಕೆ ಏರಿತ್ತು. ಹಾಗೆ ಬಂದವರಲ್ಲಿ ನಾವೂ ಇದ್ದೆವು. ಮನೆ ಬಂತು, ದೇವರ ಪಟ ಬಂತು, ಯಕ್ಷಗಾನದ ಮೇಳವೂ ಬಂತು. ಶಾಲೆ ಮಾತ್ರ ಹಿಂದೆಯೇ ಉಳಿಯಿತು. ಲೋಕಲ್ ಗಾಡಿಯಲ್ಲಿ ಒಂದೂವರೆ ಗಂಟೆ ನೇತಾಡಿ ಕೆಲಸಕ್ಕೆ ಹೋಗುವ ತಂದೆಗೆ ಮಗುವನ್ನು ಮೂರು ಸ್ಟೇಶನ್ ಆಚೆಯ ಶಾಲೆಗೆ ಕಳಿಸುವ ಧೈರ್ಯ ಬರಲಿಲ್ಲ. ಅವನನ್ನು ನಾನು ದೂರುವುದಿಲ್ಲ.

ಈಗ ಸಂಖ್ಯೆಯ ಮಾತಿಗೆ ಬರುತ್ತೇನೆ, ಏಕೆಂದರೆ ಈ ದೇಶದಲ್ಲಿ ಭಾಷೆಯ ಹಕ್ಕು ಕೊನೆಗೆ ಸಂಖ್ಯೆಯ ಬಾಗಿಲಿನಲ್ಲಿ ಬಂದು ನಿಲ್ಲುತ್ತದೆ. ೧೯೪೯ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ನಿರ್ಣಯ ಮಾಡಿತು: ಇಡೀ ಶಾಲೆಯಲ್ಲಿ ೪೦ ಅಥವಾ ಒಂದು ತರಗತಿಯಲ್ಲಿ ೧೦ ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯ ಒಬ್ಬ ಶಿಕ್ಷಕರನ್ನು ಒದಗಿಸಬೇಕು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಜತೆಗೆ ಸಂವಿಧಾನದಲ್ಲಿ ೩೫೦ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ಯತ್ನಿಸುವುದು ರಾಜ್ಯದ ಕರ್ತವ್ಯವಾಯಿತು. ೧೯೬೧ರ ಮುಖ್ಯಮಂತ್ರಿಗಳ ಸಮ್ಮೇಳನವು ಪ್ರೌಢ ಹಂತಕ್ಕೆ ಒಂದು ತರಗತಿಯಲ್ಲಿ ೧೫, ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು ೬೦ ಎಂಬ ಅಳತೆಯನ್ನು ಒಪ್ಪಿತು. ತೀರ ಇತ್ತೀಚೆಗೆ, ೨೦೨೫ರ ಏಪ್ರಿಲಿನಲ್ಲಿ ಮಹಾರಾಷ್ಟ್ರ ಸರಕಾರವು ಒಂದರಿಂದ ಐದನೆಯ ತರಗತಿಯವರೆಗೆ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಡ್ಡಾಯ ಮಾಡಿದಾಗ ಎದ್ದ ಕೋಲಾಹಲ ನಿಮಗೆ ನೆನಪಿರಬಹುದು. ಜೂನ್ ೧೭ರಂದು ಅದನ್ನು ತಿದ್ದಿ, ತರಗತಿಗೆ ಕನಿಷ್ಠ ೨೦ ಮಕ್ಕಳು ಹಿಂದಿಯ ಬದಲು ಬೇರೆ ಭಾರತೀಯ ಭಾಷೆಯನ್ನು ಕೇಳಿದರೆ ಅದಕ್ಕೆ ಶಿಕ್ಷಕರನ್ನು ಕೊಡುವುದಾಗಿ, ಇಲ್ಲವೇ ಆನ್‌ಲೈನ್ ಮೂಲಕ ಕಲಿಸುವುದಾಗಿ ಹೇಳಲಾಯಿತು. ಜೂನ್ ೨೯ರಂದು ಎರಡೂ ಆದೇಶಗಳನ್ನು ಹಿಂತೆಗೆದುಕೊಂಡು ಡಾ. ನರೇಂದ್ರ ಜಾಧವ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಲಾಯಿತು.

ಆ ಎರಡು ವಾರಗಳಲ್ಲಿ ನಾನು ಗಮನಿಸಿದ್ದು ಒಂದು ಸಂಗತಿ. ಹಿಂದಿ ಬೇಕೆಂದವರೂ ಬೇಡವೆಂದವರೂ ಮಾತನಾಡಿದರು. ಇಪ್ಪತ್ತು ಮಕ್ಕಳು ಎಂಬ ಮಾತು ಬಂದಾಗ, ಸ್ವಾಮಿ, ನಮ್ಮಲ್ಲಿ ಕನ್ನಡದ ಇಪ್ಪತ್ತು ಮಕ್ಕಳಿದ್ದಾರೆ ಎಂದು ಪಟ್ಟಿ ಹಿಡಿದು ಹೋಗುವ ಸ್ಥಿತಿಯಲ್ಲಿ ನಾವು ಇರಲಿಲ್ಲ. ಹತ್ತಾಗಲಿ, ಹದಿನೈದಾಗಲಿ, ಇಪ್ಪತ್ತಾಗಲಿ, ನಮ್ಮ ತೊಂದರೆ ಸಂಖ್ಯೆ ಕಡಿಮೆಯೆಂಬುದಲ್ಲ. ಈ ಸಭಾಂಗಣದಲ್ಲಿಯೇ ಸಾಲದಷ್ಟು ಮಕ್ಕಳಿದ್ದಾರೆಯೇ? ಇವರು ಪೂರ್ವ ಪಶ್ಚಿಮಗಳಲ್ಲಿ ಹಂಚಿಹೋದ ಹತ್ತಾರು ಶಾಲೆಗಳಲ್ಲಿ ತರಗತಿಗೆ ಒಬ್ಬರೋ ಇಬ್ಬರೋ ಆಗಿ ಕುಳಿತಿದ್ದಾರೆ. ಒಬ್ಬ ವಿದ್ಯಾರ್ಥಿಗಾಗಿ ಯಾವ ಮುಖ್ಯಾಧ್ಯಾಪಕರೂ ಶಿಕ್ಷಕರನ್ನು ನೇಮಿಸಲಾರರು. ಕಾಗದದ ಮೇಲಿನ ಆಯ್ಕೆಯು ನಿಜವಾದ ಆಯ್ಕೆಯಾಗುವುದು ಅದನ್ನು ಕೇಳುವವರು ಒಂದೇ ಕೋಣೆಯಲ್ಲಿ ಕುಳಿತಾಗ. ರಾತ್ರಿ ಶಾಲೆಯ ಹುಡುಗರು ಬಡವರಾಗಿದ್ದರು, ಆದರೆ ಒಂದೇ ಕೋಣೆಗೆ ಬರುತ್ತಿದ್ದರು. ನಾವು ಅನುಕೂಲಸ್ಥರಾದೆವು, ಬೇರೆ ಬೇರೆ ಕೋಣೆಗಳಿಗೆ ಹೋದೆವು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಒಂದು ಅಂಕಗಳದ್ದು. ಕನ್ನಡದಲ್ಲಿ ಅಂಕ ಕಡಿಮೆ ಬಂದರೆ ಮಗುವಿನ ಗತಿಯೇನು ಎಂದು ತಾಯಂದಿರು ಕೇಳುತ್ತಾರೆ. ಕೇಳುವುದು ಸಹಜ. ಆದರೆ ೨೦೧೦ರಿಂದ ಎಸ್.ಎಸ್.ಸಿ. ಪರೀಕ್ಷೆಯಲ್ಲಿ ಶೇಕಡಾವಾರು ಲೆಕ್ಕವನ್ನು ಆರು ವಿಷಯಗಳಲ್ಲಿ ಅತ್ಯುತ್ತಮವಾದ ಐದರಿಂದ ಮಾಡುತ್ತ ಬಂದಿದ್ದಾರೆ. ಉತ್ತೀರ್ಣರಾಗುವಷ್ಟು ಅಂಕ ಬೇಕು, ನಿಜ. ಅದಕ್ಕೂ ಹೆಚ್ಚು ಬರದಿದ್ದರೆ ಆ ವಿಷಯ ಲೆಕ್ಕದಿಂದ ಹೊರಗುಳಿಯುತ್ತದೆ. ಬರೆದರೆ ಲಾಭ, ಸೋತರೆ ನಷ್ಟವಿಲ್ಲ ಎಂಬಂಥ ಒಂದು ಜಾಗ ಈ ಪದ್ಧತಿಯಲ್ಲಿಯೇ ಇದೆ. ಎರಡನೆಯ ಆಕ್ಷೇಪ ಉಪಯೋಗದ್ದು. ಕನ್ನಡ ಕಲಿತು ಬದಲಾಪುರದಲ್ಲಿ ಏನು ಮಾಡುವುದು? ಇದಕ್ಕೆ ನನ್ನ ಮರುಪ್ರಶ್ನೆ: ನೂರಕ್ಕೆ ತೊಂಬತ್ತಾರು ತಂದ ಸಂಸ್ಕೃತವನ್ನು ಹನ್ನೊಂದನೆಯ ತರಗತಿಗೆ ಬಿಟ್ಟ ಮೇಲೆ ನನ್ನ ಮಗಳು ಏನು ಮಾಡಿದಳು? ಸಂಸ್ಕೃತವನ್ನು ಪ್ರೀತಿಯಿಂದ ಆಯ್ದುಕೊಳ್ಳುವ ಮಗುವಿಗೆ ನನ್ನ ನಮಸ್ಕಾರ. ಅಂಕಕ್ಕಾಗಿ ಮಾತ್ರ ಆಯ್ದು ಎರಡು ವರ್ಷದಲ್ಲಿ ಮರೆಯುವುದಾದರೆ, ಅಜ್ಜಿಯ ಅಕ್ಷರವನ್ನು ಓದಬಲ್ಲ ಭಾಷೆಗೆ ಆ ಎರಡು ವರ್ಷ ಕೊಡಬಾರದೇ ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನೊಂದು ಎಚ್ಚರಿಕೆಯನ್ನೂ ನಾನು ಹೇಳಲೇಬೇಕು. ಕನ್ನಡವನ್ನು ಮಕ್ಕಳ ಮೇಲೆ ಹೇರುವುದು ನನ್ನ ಉದ್ದೇಶವಲ್ಲ. ಮಾತೃಭಾಷೆ ಯಾವುದೆಂದು ನಿರ್ಧರಿಸುವ ಹಕ್ಕು ಮಗುವಿನ ಪರವಾಗಿ ಪೋಷಕರದ್ದು, ಮಾಧ್ಯಮವನ್ನು ಸರಕಾರ ಹೇರಬಾರದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ೨೦೧೪ರ ಮೇ ತಿಂಗಳಿನಲ್ಲಿ ಕರ್ನಾಟಕದ ಮೊಕದ್ದಮೆಯಲ್ಲಿಯೇ ಹೇಳಿತು. ಆ ತೀರ್ಪಿನಿಂದ ಕನ್ನಡದ ಹಿತಚಿಂತಕರಿಗೆ ನೋವಾಯಿತು, ನನಗೂ ಆಯಿತು. ಆದರೆ ಹಕ್ಕು ನಮ್ಮ ಕೈಯಲ್ಲಿದೆ ಎಂದ ಮೇಲೆ ಹೊಣೆಯೂ ನಮ್ಮದೇ ಅಲ್ಲವೇ? ಹದಿಮೂರು ಹದಿನಾಲ್ಕು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು, ಇಂಥಿಂಥ ಭಾಷೆಗಳಿವೆ, ಇದರಿಂದ ಇದು ಸಿಗುತ್ತದೆ, ಅದರಿಂದ ಅದು ಸಿಗುತ್ತದೆ, ನಿನಗೇನು ಬೇಕು ಎಂದು ಕೇಳೋಣ. ಮಗು ಬೇಡವೆಂದರೆ ಬೇಡ. ಕೇಳದೆಯೇ ನಾವು ಅಂಕಣ ತುಂಬಬಾರದು, ನಾನು ತುಂಬಿದೆ.

ಹಾಗೆಯೇ, ನಾವು ಇಲ್ಲಿ ಕೇಳುವ ಸೌಕರ್ಯವು ಬೆಳಗಾವಿಯ, ನಿಪ್ಪಾಣಿಯ ಮರಾಠಿ ಮಗುವಿಗೂ ಸಲ್ಲತಕ್ಕದ್ದು. ಕರ್ನಾಟಕ ಸರಕಾರವು ಮರಾಠಿಯಲ್ಲಿ ಪಠ್ಯಪುಸ್ತಕ ಅಚ್ಚುಮಾಡುತ್ತದೆ. ಮಹಾರಾಷ್ಟ್ರ ಕನ್ನಡದಲ್ಲಿ ಅಚ್ಚುಮಾಡುತ್ತದೆ. ಜತ್ತಿನ, ಅಕ್ಕಲಕೋಟೆಯ ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕೆಂದು ಕೇಳುವವರು ಗಡಿಯ ಆಚೆಯ ಮರಾಠಿ ಶಾಲೆಗೂ ಅದನ್ನೇ ಬಯಸಬೇಕು. ಗಡಿಯ ಜಗಳದಲ್ಲಿ ಮಕ್ಕಳನ್ನು ಒತ್ತೆಯಿಡುವ ರಾಜಕಾರಣಕ್ಕೆ ನಾವು ಹೊರನಾಡಿಗರು ಯಾವ ಕಾಲಕ್ಕೂ ದನಿಗೂಡಿಸಬಾರದು. ಎರಡೂ ಕಡೆಯ ಉಪ್ಪು ತಿಂದವರು ನಾವು.

ಮುಂದಿನ ಸ್ಟೇಶನ್ನಾದ ಅಂಬರನಾಥದಲ್ಲಿ ೧೦೬೦ರ ಶಿಲಾಹಾರರ ಶಿವಾಲಯವಿದೆ. ಶಿಲಾಹಾರರಿಗೂ ಕನ್ನಡಕ್ಕೂ ಇದ್ದ ನಂಟನ್ನು ಹೇಳಿ, ಈ ನೆಲ ನಮಗೆ ಹೊಸದಲ್ಲ ಎಂದು ಹೆಮ್ಮೆಪಡುವುದು ನಮ್ಮ ಭಾಷಣಕಾರರ ವಾಡಿಕೆ. ನನ್ನ ಬೇಡಿಕೆಯನ್ನು ನಾನು ಆ ಕಲ್ಲುಗಳ ಮೇಲೆ ನಿಲ್ಲಿಸುವುದಿಲ್ಲ. ಅದು ನಿಲ್ಲಬೇಕಾದದ್ದು ಇಲ್ಲಿ ಕುಳಿತಿರುವ ಮಕ್ಕಳ ಮೇಲೆ.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಸಣ್ಣ ಕೆಲಸಗಳನ್ನು ಇಡುತ್ತೇನೆ. ಮೊದಲನೆಯದು, ಶಾಲೆಯ ದಾಖಲೆಯಲ್ಲಿ ಮಾತೃಭಾಷೆಯ ಅಂಕಣವೊಂದಿದೆ. ಶಾಲೆ ಬಿಟ್ಟ ದಾಖಲೆಯಲ್ಲಿಯೂ ಅದು ಬರುತ್ತದೆ. ಅಲ್ಲಿ ಅನುಕೂಲಕ್ಕೆಂದು ಹಿಂದಿಯೆಂದೋ ಇಂಗ್ಲಿಷೆಂದೋ ಬರೆಸಬೇಡಿ. ಕನ್ನಡವಾದರೆ ಕನ್ನಡ, ತುಳುವಾದರೆ ತುಳು ಎಂದೇ ಬರೆಸಿ. ತುಳುವರು ಅದರ ಜತೆಗೆ ತಮ್ಮ ಮಗುವಿಗೆ ಕಲಿಕ ಭಾಷೆಯಾಗಿ ಕನ್ನಡ ಬೇಕೆಂದು ಪ್ರತ್ಯೇಕ ಅರ್ಜಿಯಲ್ಲಿ ತಿಳಿಸಲಿ. ಎರಡನೆಯದು, ಬರುವ ಜೂನಿಗೆ ಮುಂಚೆ ನಮ್ಮ ಸಂಘವು ಮನೆಮನೆಗೆ ಹೋಗಿ ಐದರಿಂದ ಎಂಟನೆಯ ತರಗತಿಯ ಮಕ್ಕಳ ಒಂದು ಪಟ್ಟಿ ಮಾಡಲಿ: ಹೆಸರು, ಶಾಲೆ, ತರಗತಿ, ಬೇಕಾದ ಭಾಷೆ. ಇಂಥ ಪಟ್ಟಿಯಿಲ್ಲದೆ ನಾವು ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಬರಿಗೈಯವರು. ಮೂರನೆಯದು, ಪಟ್ಟಿಯಲ್ಲಿ ಹೆಚ್ಚು ಮಕ್ಕಳಿರುವ ಒಂದೇ ಒಂದು ಶಾಲೆಯನ್ನು ಆರಿಸಿ, ಅಲ್ಲಿಯ ಆಡಳಿತದವರನ್ನು ಗೌರವದಿಂದ ಕಂಡು, ಮೂರನೆಯ ಭಾಷೆಯಾಗಿ ಕನ್ನಡಕ್ಕೆ ಒಂದು ಅವಧಿ ಕೇಳೋಣ. ಹತ್ತು ಶಾಲೆಗಳನ್ನು ಒಮ್ಮೆಗೇ ಕೇಳುವುದು ಬೇಡ. ಶಿಕ್ಷಕರ ಸಂಬಳದ ಭಾರವನ್ನು ಮೊದಲ ಕೆಲವು ವರ್ಷ ನಾವೇ ಹೊರುತ್ತೇವೆ ಎನ್ನೋಣ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಅಭಿವೃದ್ಧಿ ಪ್ರಾಧಿಕಾರಗಳ ಬಾಗಿಲನ್ನು ನಾಟಕೋತ್ಸವಕ್ಕೆ ತಟ್ಟುವ ನಾವು ಒಬ್ಬ ಶಿಕ್ಷಕರಿಗಾಗಿ ತಟ್ಟಿದರೆ ಮರ್ಯಾದೆಗೇನೂ ಕುಂದಿಲ್ಲ. ನಾಲ್ಕನೆಯದು, ಆ ಅವಧಿ ಸಿಗುವವರೆಗೆ ಪ್ರತಿ ಭಾನುವಾರ ಈ ಸಭಾಂಗಣದಲ್ಲಿ ಬಾಲಭಾರತಿಯ ಕನ್ನಡ ಪುಸ್ತಕವನ್ನೇ ಹಿಡಿದು ಎರಡು ಗಂಟೆ ಪಾಠ ನಡೆಯಲಿ. ಕಲಿಸಲು ನಾನು ಸಿದ್ಧನಿದ್ದೇನೆ. ಭಾನುವಾರದ ಪಾಠ ಶಾಲೆಗೆ ಬದಲಿಯಲ್ಲ. ಶಾಲೆಯ ಬಾಗಿಲಿನವರೆಗೆ ಮಕ್ಕಳನ್ನು ಕರೆದೊಯ್ಯುವ ದಾರಿ ಎಂಬುದನ್ನು ಮಾತ್ರ ಮರೆಯದಿರೋಣ.

ಬದಲಾಪುರವೆಂಬ ಹೆಸರಿಗೆ ಹಿರಿಯರು ಒಂದು ಕಾರಣ ಹೇಳುತ್ತಾರೆ. ದೂರದ ದಾರಿಯ ಸವಾರರು ಇಲ್ಲಿ ದಣಿದ ಕುದುರೆಗಳನ್ನು ಬಿಟ್ಟು ಹೊಸ ಕುದುರೆಗಳನ್ನು ಬದಲಾಯಿಸಿಕೊಳ್ಳುತ್ತಿದ್ದರಂತೆ. ಜನರು ಹೇಳುವ ಮಾತು. ನಿಜವಿರಲಿ, ಇಲ್ಲದಿರಲಿ, ನಮಗೆ ಒಪ್ಪುವ ಮಾತು. ನಾವೂ ಇಲ್ಲಿ ಬಹಳಷ್ಟನ್ನು ಬದಲಾಯಿಸಿಕೊಂಡವರು. ಕುದುರೆ ಬದಲಾದರೇನಂತೆ, ಸವಾರ ತಾನು ಹೊರಟ ಊರಿನ ಹೆಸರನ್ನು ಓದಬಲ್ಲವನಾಗಿದ್ದರೆ ಸಾಕು.

ಮುಂದಿನ ವರ್ಷ ಇದೇ ಸಮಾರಂಭದಲ್ಲಿ ಕಾರ್ಯದರ್ಶಿಗಳು ಅಂಕಗಳನ್ನು ಓದುವಾಗ ಕನ್ನಡ ಎಂಬ ಹೆಸರು ಬರಲಾರದು. ಅಷ್ಟು ಬೇಗ ಆಗುವ ಕೆಲಸವಲ್ಲ ಇದು. ಆದರೆ ಆ ಹುಡುಗಿ ತನ್ನ ಪ್ರಶಸ್ತಿಪತ್ರವನ್ನು ತಾನೇ ಓದಬಹುದು. ಅದಕ್ಕೆ ಕೆಲವು ತಿಂಗಳ ಭಾನುವಾರಗಳು ಸಾಕು. ಮಗೂ, ನೀನು ಬರುತ್ತೀಯಾದರೆ ಬರುವ ವಾರ ಹತ್ತು ಗಂಟೆಗೆ ನಾನು ಇಲ್ಲಿರುತ್ತೇನೆ. ಬರಲೇಬೇಕೆಂದಿಲ್ಲ. ಆಯ್ಕೆ ನಿನ್ನದು.